ಹಳೇ ಕ್ರಿಕೆಟ್ ಕಾಗದಕ್ಕೆ ಯುವಿ ಟಾರ್ಚ್
ಶಿವಮೊಗ್ಗದಲ್ಲಿ ಹಳೇ ವಸ್ತುಗಳ ಮೇಳಕ್ಕೆ ಹೋಗುವಾಗ ಖೋಟಾ ನೋಟು ನೋಡೋ ಯುವಿ (ನೇರಳಾತೀತ ಬೆಳಕಿನ) ಟಾರ್ಚ್ ಜೇಬಲ್ಲಿರಲಿ. 1930ರ ದಶಕದ್ದು ಅಂತ ಕೊಡುವ ಕ್ರಿಕೆಟ್ ಟಿಕೆಟ್, ಪೋಸ್ಟ್‌ಕಾರ್ಡು, ಫೋಟೊ ಹಿಂಬದಿಗೆ ನೆರಳಲ್ಲಿ ಬೆಳಕು ಬಿಡಿ. ನೀಲಿ-ಬಿಳಿಯಾಗಿ ಫಳಫಳ ಹೊಳೆದರೆ ಕೆಳಗಿಟ್ಟು ಮುಂದೆ ನಡೀರಿ. ಹಾಗೆ ಹೊಳೆಯೋದು ಕಾಗದ ಬೆಳ್ಳಗೆ ಕಾಣಲಿ ಅಂತ ಹಾಕುವ ರಾಸಾಯನಿಕ; ಅದು ಬಳಕೆಗೆ ಬಂದಿದ್ದೇ ಸುಮಾರು 1950ರ ನಂತರ. ಅದಕ್ಕೂ ಹಳೇದು ಮಂಕಾಗೇ ಇರುತ್ತೆ. ನಮ್ಮ ಭದ್ರಾವತಿಯ ವಿಶ್ವನಾಥ್ 1969ರಲ್ಲಿ ಕಾನ್ಪುರದಲ್ಲಿ ಮೊದಲ ಟೆಸ್ಟ್ ಆಡಿದ ಕಾಲದ ಕಾಗದಕ್ಕೆ ಇದು ನಡೆಯಲ್ಲ, ಅಸಲಿಯೂ ಹೊಳೀಬಹುದು. ಹಳೇ ಕಾಗದದ ಮೇಲೆ ಮೊನ್ನೆ ಹಾಕಿದ ಸಹಿಯನ್ನಂತೂ ಹಿಡಿಯೋದೇ ಇಲ್ಲ. ಮಲೆನಾಡ ಥಂಡಿಗೆ ಬೂಷ್ಟು ಹಿಡಿದ ಕಲೆ ಅಲ್ಲಲ್ಲಿ ಮಿನುಗಿದರೆ ಗಾಬರಿ ಬೇಡ. ಜೆರ್ಸಿಗೆ ಈ ಪರೀಕ್ಷೆ ದಂಡ: ಈಗಿನ ಸೋಪಿನ ಪುಡೀಲಿ ಒಮ್ಮೆ ಒಗೆದಿದ್ರೂ ಹೊಳೆಯುತ್ತೆ.