ಎರಡು ಮುದ್ದೆ ಉಂಡು ಕುರ್ಚಿ ಮೇಲೆ ಕೂತರೆ

ನಮ್ಮೂರು ಪಾಂಡವಪುರದ ಹತ್ತಿರ, ವಿಶ್ವೇಶ್ವರಯ್ಯ ನಾಲೆಯ ಬಯಲು. ನಾನು ಹುಡುಗನಾಗಿದ್ದಾಗ ಮನೆಯಲ್ಲಿ ‘ತಿಂಡಿ’ ಅನ್ನುವ ಮಾತೇ ಅಪರೂಪ. ಬೆಳಿಗ್ಗೆಯೂ ಊಟವೇ. ಅಪ್ಪ ಆರಕ್ಕೆ ಒಂದು ಲೋಟ ಟೀ ಕುಡಿದು ಗದ್ದೆಗೆ ಹೋದರೆ ಒಂಬತ್ತರ ಹೊತ್ತಿಗೆ ಬಂದು ಕೈಕಾಲು ತೊಳೆದು ಕೂರುತ್ತಿದ್ದ. ಆಗ ತಂಗಳು ಹಿಟ್ಟು. ಹಿಟ್ಟು ಅಂದರೆ ನಮ್ಮ ಕಡೆ ಮುದ್ದೆ. ರಾತ್ರಿ ಮಿಕ್ಕಿದ್ದನ್ನು ಅವ್ವ ಮಡಕೆಯಲ್ಲಿ ನೀರು ಹಾಕಿ ಮುಚ್ಚಿಡುತ್ತಿದ್ದಳು. ಬೆಳಿಗ್ಗೆ ಕೈಯಲ್ಲೇ ಕಿವುಚಿ, ಮಜ್ಜಿಗೆ ಬಿಟ್ಟು, ಉಪ್ಪು ಹಾಕಿ ಕೊಡುತ್ತಿದ್ದಳು. ನಂಚಿಕೊಳ್ಳಲು ಈರುಳ್ಳಿ, ಹಸಿಮೆಣಸಿನಕಾಯಿ. ಹಿಂದಿನ ದಿನದ ಉಪ್ಸಾರಿನ ಖಾರ ಉಳಿದಿದ್ದರೆ ಹಬ್ಬವೇ.

ಬಯಲೆಲ್ಲ ಭತ್ತ, ಕಬ್ಬು ಆಗಿದ್ದರೂ ಹೊಟ್ಟೆಗೆ ಮಾತ್ರ ರಾಗಿ. ನೀರು ಹತ್ತದ ಹೊಲದಲ್ಲಿ ಅಪ್ಪ ಇಂಡಾಫ್ ಹಾಕುತ್ತಿದ್ದ. ಮಂಡ್ಯದ ವಿ.ಸಿ. ಫಾರಂ ಅನ್ನುವ ಕೃಷಿ ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿ ಲಕ್ಷ್ಮಣಯ್ಯನವರು ಇಂಡಿಯಾದ ರಾಗಿಗೂ ಆಫ್ರಿಕಾದ ರಾಗಿಗೂ ಕ್ರಾಸ್ ಮಾಡಿ ತೆಗೆದ ತಳಿ ಅದು. ಹೆಸರೂ ಹಾಗೇ ಬಂದದ್ದು. ನಮಗೆ ಆಗ ಅದೆಲ್ಲ ಗೊತ್ತಿರಲಿಲ್ಲ. ನಮ್ಮ ಪಾಲಿಗೆ ಅದು ದಿನಾ ಇಡ್ಲಿ ಕೊಡದ ರಾಗಿ, ಅಷ್ಟೇ.

ಇಡ್ಲಿ ಹಬ್ಬಕ್ಕೆ, ಇಲ್ಲ ನೆಂಟರು ಬಂದರೆ. ಸಂಜೆ ಒರಳುಕಲ್ಲಿನಲ್ಲಿ ಗುಂಡು ತಿರುಗಿಸೋಳು ಅಕ್ಕ, ಹಿಟ್ಟು ಒಳಕ್ಕೆ ನೂಕೋನು ನಾನು. ಬೆರಳು ಸಿಕ್ಕಿಸಿಕೊಂಡು ಅತ್ತದ್ದೂ ಉಂಟು. ಬೆಳಿಗ್ಗೆ ಎಷ್ಟು ತಿಂದೆ ಅಂತ ಲೆಕ್ಕ ಇಟ್ಟು ಸ್ಕೂಲಲ್ಲಿ ಹೇಳಿಕೊಳ್ಳುತ್ತಿದ್ದೆವು.

1994ರಲ್ಲಿ ಕೆಲಸ ಸಿಕ್ಕಿ ಮೈಸೂರಿಗೆ ಬಂದೆ. ದಿನಾ ಹಬ್ಬ! ಒಂದಿನ ಇಡ್ಲಿ ವಡೆ, ಒಂದಿನ ಖಾಲಿ ದೋಸೆ, ಒಂದಿನ ಪೂರಿ. ಮದುವೆ, ಮಗಳು, ಆಮೇಲೆ ಬ್ರೆಡ್ಡು, ಕಾರ್ನ್‌ಫ್ಲೇಕ್ಸು. ನಲವತ್ತೆಂಟಕ್ಕೆ ಶುಗರ್ ಕಾಣಿಸಿಕೊಂಡಿತು. ಮಾತ್ರೆ ಶುರುವಾಯಿತು. ಜೊತೆಗೆ ಊಟ ತಿಂಡಿ ನೋಡಿಕೊಳ್ಳಿ ಅಂದರು ಡಾಕ್ಟರು.

ನಾನೇನು ಮಾಡಿದೆ ಗೊತ್ತಾ? ಅಪ್ಪನ ಹಾಗೇ ತಿಂದುಬಿಡೋಣ ಅಂತ ತೀರ್ಮಾನಿಸಿದೆ. ಎಂಟಕ್ಕೆ ಎರಡು ತಂಗಳು ಮುದ್ದೆ, ದೊಡ್ಡ ಚೊಂಬು ಮಜ್ಜಿಗೆ. ಹನ್ನೊಂದಕ್ಕೆ ಆಫೀಸಿನಲ್ಲಿ ಫೈಲಿನ ಮೇಲೆ ತಲೆ. ವಾರ ಪೂರ್ತಿ ಇದೇ ಕತೆ. ಶುಗರ್ರೂ ಇಳಿಯಲಿಲ್ಲ. ಫೋನಿನಲ್ಲಿ ಹೇಳಿದರೆ ಅವ್ವ ನಕ್ಕಳು. “ನಿಮ್ಮಪ್ಪ ಮೂರ್ ಗಂಟೆ ಗುದ್ಲಿ ಹಿಡ್ದು ಬಂದು ಉಣ್ತಿದ್ದ. ನೀನು ಎರಡ್ ಮುದ್ದೆ ಉಂಡು ಕುರ್ಚಿ ಮೇಲ್ ಕೂತ್ಕಂಡ್ರೆ ನಿದ್ದೆ ಬರ್ದೆ ಇನ್ನೇನ್ ಬಂದದ್ಲಾ ಮಗ?”

ಅಲ್ಲಿಂದ ವಾರದ ದಿನಗಳಲ್ಲಿ ಅಂಬಲಿಗೆ ಇಳಿದೆ. ಒಂದು ದೊಡ್ಡ ಲೋಟಕ್ಕೆ ಎರಡು ಚಮಚ ರಾಗಿಹಿಟ್ಟು ಸಾಕು. ಮೊದಲು ತಣ್ಣೀರಲ್ಲಿ ಕದಡಿಕೊಂಡು ಆಮೇಲೆ ಕುದಿಯುವ ನೀರಿಗೆ ಬಿಟ್ಟರೆ ಗಂಟಾಗಲ್ಲ. ಹಸಿ ವಾಸನೆ ಹೋಗುವ ತನಕ ತಿರುವಿ, ರಾತ್ರಿ ಹಾಗೇ ಮುಚ್ಚಿಡುತ್ತೇನೆ. ಡಿಸೆಂಬರ್ ಚಳಿಯಲ್ಲಿ ಅದು ಹುಳಿಯೇ ಬರಲ್ಲ. ಏಪ್ರಿಲ್‌ನಲ್ಲಿ ಬೆಳಗಾಗುವಷ್ಟರಲ್ಲಿ ಮೂಗಿಗೆ ಹೊಡೆಯುತ್ತದೆ, ಹಾಗಾಗಿ ಬೇಸಿಗೆಯಲ್ಲಿ ಮಲಗುವ ಹೊತ್ತಿಗೆ ಮಾಡುತ್ತೇನೆ. ಜೊತೆಗೆ ಒಂದು ಹಿಡಿ ಮೊಳಕೆ ಹೆಸರುಕಾಳೋ, ಬೇಯಿಸಿದ ಮೊಟ್ಟೆಯೋ. ಒಂದು ಗಂಟೆವರೆಗೂ ಹಸಿವಿಲ್ಲ, ನಿದ್ದೆಯೂ ಇಲ್ಲ.

ಆದರೆ ಭಾನುವಾರ ನನ್ನದು. ಅವತ್ತು ಅಕ್ಕಿ ರೊಟ್ಟಿ, ನಾನೇ ಮಾಡಬೇಕು. ಎರಡು ಲೋಟ ಅಕ್ಕಿಹಿಟ್ಟಿಗೆ ರಾತ್ರಿಯ ಅನ್ನ ಒಂದು ಹಿಡಿ ನುಣ್ಣಗೆ ಕಿವುಚಿ ಸೇರಿಸುತ್ತೇನೆ, ಆರಿದ ಮೇಲೂ ರೊಟ್ಟಿ ಮೆತ್ತಗಿರುತ್ತದೆ. ಸಬ್ಬಸಿಗೆ ಸೊಪ್ಪು, ಈರುಳ್ಳಿ, ಹಸಿಮೆಣಸಿನಕಾಯಿ, ಜೀರಿಗೆ, ಕಾಯಿತುರಿ. ಸೊನೆ ಅವರೆ ಬಂದ ಕಾಲದಲ್ಲಿ ಬೇಯಿಸಿದ ಕಾಳು. ಬಿಸಿನೀರಲ್ಲಿ ಕಲಸಿ, ಎಣ್ಣೆ ಸವರಿದ ಬಾಣಲೆಯಲ್ಲೇ ಅಂಚಿನ ತನಕ ತಟ್ಟಿ, ನಾಲ್ಕೈದು ತೂತು ಮಾಡಿ, ತೂತಿಗೆ ಎಣ್ಣೆ ಬಿಟ್ಟು ಮುಚ್ಚುತ್ತೇನೆ.

ಮೊದಲನೇ ರೊಟ್ಟಿ ಸಲೀಸು. ಫಜೀತಿ ಎರಡನೇದರಲ್ಲಿ. ಬಾಣಲೆ ಕಾದಿರುತ್ತದೆ, ತಟ್ಟಲು ಕೈಯಿಟ್ಟರೆ ಚುರ್ ಅನ್ನುತ್ತದೆ. ನನ್ನ ಎರಡು ಬೆರಳು ಬೊಬ್ಬೆ ಬಂದ ಮೇಲೆ ಅವ್ವ ಹೇಳಿಕೊಟ್ಟಳು: ಬಾಣಲೆ ಬೋರಲು ಹಿಡಿದು ಬೆನ್ನಿಗೆ ನೀರು ಬಿಡು. ಇದು ಕಬ್ಬಿಣದ ಬಾಣಲೆಗೆ ಮಾತ್ರ. ಮಗಳ ನಾನ್‌ಸ್ಟಿಕ್ ತವಾಗೂ ಹೀಗೇ ಮಾಡಿದೆ, ತಳ ಡೊಂಕಾಯಿತು. ಅವಳಿನ್ನೂ ಆಡಿಕೊಳ್ಳುತ್ತಾಳೆ. ಈಗ ಎರಡು ಬಾಣಲೆ ಇಟ್ಟುಕೊಂಡಿದ್ದೇನೆ, ಒಂದು ಬೇಯುವಾಗ ಇನ್ನೊಂದು ಆರುತ್ತದೆ.

ಇದಕ್ಕೆ ಹುಚ್ಚೆಳ್ಳು ಚಟ್ನಿಯೇ ಆಗಬೇಕು. ಸಣ್ಣ ಉರಿಯಲ್ಲಿ ಹುರಿದು, ಚಟಪಟ ಅಂದ ತಕ್ಷಣ ಇಳಿಸಬೇಕು. ಸ್ವಲ್ಪ ಸೀದರೂ ಕಹಿ. ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆಹಣ್ಣು, ಉಪ್ಪು ಹಾಕಿ ರುಬ್ಬಿದರೆ ಕಪ್ಪಗೆ, ನೋಡಲು ಏನೂ ಚೆಂದ ಇರಲ್ಲ. ರೊಟ್ಟಿ ಮೇಲೆ ಒಂದು ಉಂಡೆ ಬೆಣ್ಣೆ. ಭಾನುವಾರ ನಾನು ಎರಡು ರೊಟ್ಟಿ ತಿಂದು ಕುಕ್ಕರಹಳ್ಳಿ ಕೆರೆ ಒಂದು ಸುತ್ತು ಹಾಕುತ್ತೇನೆ. ಗುದ್ದಲಿಯಂತೂ ಇಲ್ಲ.

ಹೋದ ದಸರಾಕ್ಕೆ ಅವ್ವ ಬಂದಿದ್ದಳು. ಶನಿವಾರ ರಾತ್ರಿಯೇ ಹುಚ್ಚೆಳ್ಳು ಹುರಿದಿಟ್ಟೆ, ಸಬ್ಬಸಿಗೆ ಬಿಡಿಸಿಟ್ಟೆ. ಬೆಳಿಗ್ಗೆ ಅಡುಗೆಮನೆಗೆ ಇಣುಕಿ ನೋಡಿದಳು. “ರೊಟ್ಟಿನಾ? ಅದ ಊರಲ್ಲೇ ತಿಂತೀನಿ ಕಣ್ಲಾ. ನಜರಾಬಾದ್ ದೋಸೆ ಕೊಡ್ಸು.”

ಹೋದೆವು. ಮೈಲಾರಿ ಹೋಟೆಲಿನ ಮುಂದೆ ಅರ್ಧ ಗಂಟೆ ನಿಂತೆವು. ಒಳಗೆ ಸಾಗು, ಮೇಲೆ ಬೆಣ್ಣೆ, ಹತ್ತಿಯಂಥ ದೋಸೆ. ಅವ್ವ ಎರಡು ಮುಗಿಸಿ, ಕೈ ತೊಳೆಯದೆ, ಮೂರನೇದಕ್ಕೆ ಸಪ್ಲೈಯರನ್ನು ತಾನೇ ಕರೆದಳು.