ಕರಡು ನೀತಿಯನ್ನು ಕೊನೆಯ ಪುಟದಿಂದ ಓದುವುದು: ನನ್ನ ಅನುಭವ

ಹೊಸ ನಿಯಮ ತರುವ ಮೊದಲು ಅದರ ಕರಡು ಪ್ರಕಟಿಸಿ ಜನರಿಂದ ಆಕ್ಷೇಪಣೆ, ಸಲಹೆ ಕೇಳುವ ಪದ್ಧತಿ ಹಲವು ದೇಶಗಳಲ್ಲಿದೆ. ಅಂಥ ಕರಡುಗಳನ್ನು ಓದುವುದು, ಅವು ಜನರ ಬದುಕಿಗೆ ಎಲ್ಲೆಲ್ಲಿ ತಾಕುತ್ತವೆ ಎಂದು ನೋಡುವುದು, ತಿದ್ದುಪಡಿ ಬರೆದು ಕಳಿಸುವುದು, ಇದು ನನ್ನ ಕೆಲಸ. ಕಸ, ನೀರು, ಬಸ್ಸು, ಪಿಂಚಣಿ, ಮನೆ ಬಾಡಿಗೆ, ಹೊಗೆ, ಯಾವ ವಿಷಯವಾದರೂ ಬರಬಹುದು. ವರ್ಷಗಟ್ಟಲೆ ಇದನ್ನೇ ಮಾಡಿ ಒಂದು ಅಭ್ಯಾಸ ಬಂದುಬಿಟ್ಟಿದೆ. ಕರಡು ಕೈಗೆ ಬಂದ ಕೂಡಲೇ ಪೀಠಿಕೆ ಓದಲು ಕೂರುವುದಿಲ್ಲ. ನೇರವಾಗಿ ಹಿಂದಿನ ಪುಟಗಳಿಗೆ ಹೋಗುತ್ತೇನೆ. ಅರ್ಜಿ ನಮೂನೆ, ಲಗತ್ತಿಸಬೇಕಾದ ದಾಖಲೆಗಳು, ವಾಯಿದೆ, ದಂಡದ ಪಟ್ಟಿ. ಆಮೇಲೆ ವ್ಯಾಖ್ಯೆಗಳು. ಪೀಠಿಕೆ ಕೊನೆಗೆ.

ಪೀಠಿಕೆಯಲ್ಲಿ ಆರೋಗ್ಯ, ಸ್ವಚ್ಛತೆ, ಘನತೆ ಎಲ್ಲ ಇರುತ್ತವೆ. ಅದನ್ನು ಬೇಡ ಅನ್ನುವವರು ಯಾರಿದ್ದಾರೆ? ಆದರೆ ಒಬ್ಬರು ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳಬೇಕು, ಯಾವ ಸಾಲಿನಲ್ಲಿ ನಿಲ್ಲಬೇಕು, ಎಷ್ಟು ಸಲ ರಜೆ ಹಾಕಬೇಕು ಅನ್ನುವುದು ತೀರ್ಮಾನವಾಗುವುದು ಹಿಂದಿನ ಪುಟಗಳಲ್ಲಿ.

ನಾನು ಮೊದಲು ಹುಡುಕುವುದು ಒಂದೇ ವಿಷಯ. ಈ ನಿಯಮ ಏನನ್ನು ಎಣಿಸುತ್ತದೆ? ಇದು ಯಾಕೆ ಇಷ್ಟು ಮುಖ್ಯ ಎಂದು ಹೊಸಬರು ಕೇಳಿದಾಗ ನಾನು ಇಂಗ್ಲೆಂಡಿನ ಕಿಟಕಿ ತೆರಿಗೆಯ ಕಥೆ ಹೇಳುತ್ತೇನೆ. 1696ರಲ್ಲಿ ಅದು ಶುರುವಾಯಿತು. ಉಳ್ಳವರ ಮನೆಗೆ ಕಿಟಕಿ ಜಾಸ್ತಿ, ಹಾಗಾಗಿ ಕಿಟಕಿ ಎಣಿಸಿದರೆ ಉಳ್ಳವರು ಹೆಚ್ಚು ತೆರಿಗೆ ಕೊಡುತ್ತಾರೆ ಎಂಬ ಲೆಕ್ಕ. ಮನೆಯೊಳಗೆ ಕಾಲಿಡದೆ ಬೀದಿಯಲ್ಲೇ ನಿಂತು ಎಣಿಸಬಹುದಿತ್ತು. ಕೇಳಲು ಚೆನ್ನಾಗಿಯೇ ಇದೆ ಅಲ್ವಾ? 1747ರ ಹೊತ್ತಿಗೆ 10, 15, 20 ಕಿಟಕಿಗಳಿಗೆ ಒಂದೊಂದು ಗಡಿ ಹಾಕಿದರು. ಗಡಿ ಮುಟ್ಟಿದರೆ ಮನೆಯ ಎಲ್ಲ ಕಿಟಕಿಗೂ ಹೆಚ್ಚಿನ ದರ. ಆಗ ಸರಿಯಾಗಿ 9, 14, 19 ಕಿಟಕಿಗಳಿರುವ ಮನೆಗಳು ಜಾಸ್ತಿಯಾದವು. ಇದ್ದ ಕಿಟಕಿಗೆ ಜನ ಇಟ್ಟಿಗೆ ಕಟ್ಟಿಸಿದರು.

ನನ್ನನ್ನು ಹೆಚ್ಚು ಕಾಡುವುದು ಇದರ ಮುಂದಿನ ಭಾಗ. ಹಲವು ಬಡ ಕುಟುಂಬಗಳು ಬಾಡಿಗೆಗಿದ್ದ ದೊಡ್ಡ ಕಟ್ಟಡವನ್ನು ಒಂದೇ ಮನೆ ಎಂದು ಲೆಕ್ಕ ಹಾಕುತ್ತಿದ್ದರು. ತೆರಿಗೆ ಕಟ್ಟುವವನು ಮಾಲೀಕ. ಕಿಟಕಿ ಮುಚ್ಚಿಸುವವನೂ ಅವನೇ. ಬೆಳಕು, ಗಾಳಿ ಇಲ್ಲದ ಕೋಣೆಯಲ್ಲಿ ಮಲಗಿದವರು ಬಾಡಿಗೆದಾರರು. 'ಮನೆ' ಅಂದರೆ ಏನು ಎಂಬ ಒಂದು ವ್ಯಾಖ್ಯೆಯಿಂದ ಉಳ್ಳವರ ಮೇಲೆ ಬೀಳಬೇಕಿದ್ದ ಹೊರೆ ಬಡವರ ಶ್ವಾಸಕೋಶದ ಮೇಲೆ ಬಿತ್ತು. ಆ ತೆರಿಗೆ ರದ್ದಾಗಿದ್ದು 1851ರಲ್ಲಿ. ಇಟ್ಟಿಗೆ ಕಟ್ಟಿದ ಹಳೆಯ ಕಿಟಕಿಗಳನ್ನು ಅಲ್ಲಿ ಈಗಲೂ ನೋಡಬಹುದು.

ನನ್ನ ಕೈಗೆ ಬಂದ ಸಸಿ ನೆಡುವ ಯೋಜನೆಯ ಕರಡೊಂದರಲ್ಲಿ ಇದೇ ತೊಂದರೆ ಇತ್ತು. ಗುತ್ತಿಗೆದಾರನಿಗೆ ದುಡ್ಡು ಕೊಡುವುದು ನೆಟ್ಟ ಸಸಿಗಳ ಲೆಕ್ಕದಲ್ಲಿ. ನೀರು ಹಾಕುವ ಮಾತು ಇತ್ತು, ಆದರೆ ಅದಕ್ಕೂ ಹಣಕ್ಕೂ ಸಂಬಂಧವಿರಲಿಲ್ಲ. ಹೀಗೆ ಬರೆದರೆ ಚಿಕ್ಕ ಸಸಿಗಳನ್ನು ಒತ್ತೊತ್ತಾಗಿ ನೆಟ್ಟು ಹೋಗುವುದೇ ಲಾಭ. ನಾನು ಸೂಚಿಸಿದ್ದು ಇಷ್ಟೇ. ಹಣವನ್ನು ಕಂತು ಮಾಡಿ, ದೊಡ್ಡ ಕಂತನ್ನು ಮೂರನೇ ಬೇಸಿಗೆ ಕಳೆದ ಮೇಲೆ ಬದುಕಿರುವ ಗಿಡಗಳ ಲೆಕ್ಕದಲ್ಲಿ ಕೊಡಿ.

ಎರಡನೆಯದಾಗಿ, ನಿಯಮ ಪಾಲಿಸಲು ಯಾರ ಸಮಯ ಖರ್ಚಾಗುತ್ತದೆ ಎಂದು ನೋಡುತ್ತೇನೆ. ಇದನ್ನು ಕೂತಲ್ಲಿಯೇ ಊಹಿಸಲು ಆಗುವುದಿಲ್ಲ. ಕರಡನ್ನು ಹಿಡಿದುಕೊಂಡು, ಅದು ಅನ್ವಯವಾಗುವ ಜನರ ಹತ್ತಿರ ಹೋಗುತ್ತೇನೆ. 'ಈ ನೀತಿ ಬಗ್ಗೆ ಏನನ್ನಿಸುತ್ತೆ' ಎಂದು ಕೇಳುವುದಿಲ್ಲ. ಹಾಗೆ ಕೇಳಿದರೆ ಎಲ್ಲರೂ 'ಒಳ್ಳೇದೇ' ಅನ್ನುತ್ತಾರೆ. 'ನಿನ್ನೆ ಬೆಳಿಗ್ಗೆಯಿಂದ ರಾತ್ರಿವರೆಗೆ ಏನೇನು ಮಾಡಿದ್ರಿ, ಹೇಳಿ' ಎಂದು ಕೇಳುತ್ತೇನೆ. ಅವರು ಹೇಳುತ್ತಾ ಹೋದಂತೆ ಕರಡಿನ ಒಂದೊಂದು ಷರತ್ತನ್ನೂ ಆ ದಿನದೊಳಗೆ ಕೂರಿಸಿ ನೋಡುತ್ತೇನೆ.

ಕಸ ವಿಂಗಡಣೆಯ ಕರಡೊಂದನ್ನು ಹೀಗೆ ಇಟ್ಟುಕೊಂಡು ರಾತ್ರಿ ಪಾಳಿಯ ನರ್ಸ್ ಒಬ್ಬರ ಜೊತೆ ಕೂತಿದ್ದೆ. ಕರಡಿನ ಪ್ರಕಾರ ಹಸಿ ಕಸ, ಒಣ ಕಸ ಬೇರೆ ಮಾಡಿ, ಬೆಳಿಗ್ಗೆ ಗಾಡಿ ಬಂದಾಗ ಮನೆಯವರೇ ಬಾಗಿಲಲ್ಲಿ ನಿಂತು ಕೊಡಬೇಕು. ಹೊರಗೆ ಇಟ್ಟರೆ ದಂಡ. ಅವರು ಪಾಳಿ ಮುಗಿಸಿ ಮನೆಗೆ ಬಂದು ಮಲಗುವ ಹೊತ್ತಿಗೆ ಸರಿಯಾಗಿ ಗಾಡಿ ಬರುತ್ತದೆ. ಮನೆಯಲ್ಲಿ ಬೇರೆ ಯಾರೂ ಇಲ್ಲ. 'ವಿಂಗಡಣೆ ನನಗೆ ಕಷ್ಟವೇ ಅಲ್ಲ ಸರ್, ಆಸ್ಪತ್ರೆಯಲ್ಲಿ ದಿನಾ ನಾಲ್ಕು ಬಣ್ಣದ ಡಬ್ಬಿಗೆ ಹಾಕ್ತೀನಿ. ಎದ್ದು ನಿಲ್ಲೋದೇ ಕಷ್ಟ' ಅಂದರು. ಕಸ ಬೇರೆ ಮಾಡುವುದನ್ನು ನಮ್ಮೆಲ್ಲರಿಗಿಂತ ಚೆನ್ನಾಗಿ ಬಲ್ಲವರು ಈ ನಿಯಮದ ಪ್ರಕಾರ ದಂಡ ಕಟ್ಟಬೇಕಾಗುತ್ತಿತ್ತು.

ನಾನು ಬರೆದು ಕಳಿಸಿದ ತಿದ್ದುಪಡಿ ಒಂದೇ ವಾಕ್ಯ. ಗಾಡಿ ಬರುವ ಸಮಯಕ್ಕೆ ಸಿಗದವರು ವಿಂಗಡಿಸಿದ ಕಸವನ್ನು ಮುಚ್ಚಳವಿರುವ ಡಬ್ಬಿಯಲ್ಲಿ ಬಾಗಿಲ ಹೊರಗೆ ಇಡಬಹುದು. ವಿಂಗಡಿಸದ ಕಸಕ್ಕೆ ಮಾತ್ರ ದಂಡ. ಅದರ ಜೊತೆಗೆ ಯಾರಿಗೆಲ್ಲ ಇದು ಬೇಕಾಗುತ್ತದೆ ಎಂದು ಪಟ್ಟಿ ಕೊಟ್ಟೆ. ಪಾಳಿ ಕೆಲಸದವರು, ಎದ್ದು ಓಡಾಡಲಾಗದ ಹಿರಿಯರು, ಹಸುಗೂಸಿನ ತಾಯಂದಿರು.

ಮೂರನೆಯದು, ಜನ ಸುಮ್ನೆ ಇದ್ದರೆ ಏನಾಗುತ್ತದೆ? ಕರಡು ಬರೆಯುವವರು ಇದಕ್ಕೆ ಅಷ್ಟಾಗಿ ಗಮನ ಕೊಡುವುದಿಲ್ಲ. ಆದರೆ ಬಹಳ ಜನ ಏನೂ ಮಾಡುವುದಿಲ್ಲ. ಪುರುಸೊತ್ತಿಲ್ಲ, ಪತ್ರ ಸಿಕ್ಕಿಲ್ಲ, ಅರ್ಥವಾಗಿಲ್ಲ, ಕಾರಣ ನೂರಿರಬಹುದು. ಬ್ರಿಟನ್‌ನಲ್ಲಿ 2012ರ ಅಕ್ಟೋಬರ್‌ನಿಂದ ನೌಕರರನ್ನು ಕೆಲಸದ ಸ್ಥಳದ ಪಿಂಚಣಿ ಯೋಜನೆಗೆ ತಾನಾಗಿಯೇ ಸೇರಿಸುವ ನಿಯಮ ಹಂತಹಂತವಾಗಿ ಬಂತು. ಬೇಡವಾದವರು ಹೊರಗೆ ಹೋಗಬಹುದು. ಅದಕ್ಕೆ ಮೊದಲು ಖಾಸಗಿ ವಲಯದಲ್ಲಿ ಅರ್ಹರ ಪೈಕಿ ಅರ್ಧದಷ್ಟು ಜನರೂ ಸೇರಿರಲಿಲ್ಲ. ಕೆಲವೇ ವರ್ಷಗಳಲ್ಲಿ ಆ ಪಾಲು ಶೇ. 80 ದಾಟಿತು. ನೌಕರರಿಗೆ ಬಲವಂತ ಏನೂ ಇರಲಿಲ್ಲ. ಸುಮ್ಮನಿದ್ದವರ ಪಾಲಿಗೆ ಏನು ಬರಬೇಕು ಅನ್ನುವುದನ್ನು ಬದಲಿಸಿದರು, ಅಷ್ಟೇ.

ಇದರ ಇನ್ನೊಂದು ಮುಖವೂ ಉಂಟು. ಅಂಗವಿಕಲರ ಸಹಾಯಧನದ ಕರಡೊಂದರಲ್ಲಿ ಪ್ರತಿ ವರ್ಷ ಹೊಸದಾಗಿ ವೈದ್ಯರ ಪ್ರಮಾಣಪತ್ರ ತರಬೇಕು, ತರದಿದ್ದರೆ ಹಣ ನಿಲ್ಲುತ್ತದೆ ಎಂದಿತ್ತು. ಹುಟ್ಟಿನಿಂದಲೇ ಕಣ್ಣು ಕಾಣದವರು ಪ್ರತಿ ವರ್ಷ ಏನನ್ನು ರುಜುವಾತು ಮಾಡಬೇಕು? ಓದಿ ನಿಜಕ್ಕೂ ಸಿಟ್ಟು ಬಂತು. ಶಾಶ್ವತ ಎಂದು ಒಮ್ಮೆ ದೃಢವಾದವರಿಗೆ ಈ ಷರತ್ತು ಬೇಡ, ಉಳಿದವರಿಗೂ ನೋಟಿಸು ತಲುಪಿದ್ದು ಖಾತ್ರಿಯಾಗುವವರೆಗೆ ಹಣ ನಿಲ್ಲಿಸಬಾರದು ಎಂದು ಬರೆದೆ. ಇಂಥ ಕಡೆ ನಾನು ಮೃದುವಾಗಿ ಬರೆಯುವುದಿಲ್ಲ. ತಿಂಗಳ ಹಣ ನಿಂತ ಮನೆಯಲ್ಲಿ ಮೊದಲು ನಿಲ್ಲುವುದು ಔಷಧಿ.

ಪರಿಸರದ ನಿಯಮಗಳು ಬಂದಾಗ ಇನ್ನೊಂದು ಪ್ರಶ್ನೆ ಸೇರಿಸುತ್ತೇನೆ. ಒಂದನ್ನು ಬಿಡಿ ಅನ್ನುತ್ತಿದ್ದಾರೆ, ಸರಿ, ಬದಲಿಗೆ ಏನು ಕೊಡುತ್ತಿದ್ದಾರೆ, ಯಾವಾಗ ಕೊಡುತ್ತಿದ್ದಾರೆ? ಲಂಡನ್ನಿನಲ್ಲಿ 1952ರ ಡಿಸೆಂಬರ್‌ನಲ್ಲಿ ಕಲ್ಲಿದ್ದಲ ಹೊಗೆ ಮಂಜಿನೊಳಗೆ ಸಿಕ್ಕಿಕೊಂಡು ಐದು ದಿನ ನಿಂತಿತು. ಸತ್ತವರು ಸುಮಾರು 4,000 ಎಂದು ಆಗ ಅಂದಾಜಿಸಿದ್ದರು. ಆಮೇಲಿನ ಅಂದಾಜುಗಳು ಇದಕ್ಕಿಂತ ಬಹಳ ಹೆಚ್ಚು. 1956ರಲ್ಲಿ ಬಂದ ಶುದ್ಧ ಗಾಳಿ ಕಾಯ್ದೆ ಹೊಗೆ ನಿಯಂತ್ರಣ ಪ್ರದೇಶಗಳನ್ನು ಗುರುತಿಸಲು ಸ್ಥಳೀಯ ಆಡಳಿತಕ್ಕೆ ಅಧಿಕಾರ ಕೊಟ್ಟಿತು. ಜೊತೆಗೇ, ಮನೆ ಬೆಚ್ಚಗಿಡುವ ಒಲೆ ಬದಲಿಸುವ ಖರ್ಚಿನ ಬಹುಪಾಲನ್ನು ಮನೆಯವರಿಗೆ ಅನುದಾನವಾಗಿ ಕೊಡುವ ಏರ್ಪಾಡು ಮಾಡಿತು. ಚಳಿಗಾಲದಲ್ಲಿ ಒಲೆ ಆರಿಸಿ ಎಂದಷ್ಟೇ ಹೇಳಿದ್ದರೆ ಯಾರು ಕೇಳುತ್ತಿದ್ದರು?

ಸ್ಟಾಕ್‌ಹೋಮ್‌ನಲ್ಲಿ ನಗರದ ಒಳಗೆ ಬರುವ ವಾಹನಗಳಿಗೆ ದಟ್ಟಣೆ ಶುಲ್ಕ ಹಾಕಿದ ರೀತಿಯೂ ನನಗೆ ಇಷ್ಟ. 2005ರ ಆಗಸ್ಟ್‌ನಲ್ಲಿ ಮೊದಲು ಹೆಚ್ಚುವರಿ ಬಸ್ಸು ಬಿಟ್ಟರು. ಶುಲ್ಕ ಶುರುವಾಗಿದ್ದು 2006ರ ಜನವರಿಯಲ್ಲಿ, ಅದೂ ಜುಲೈವರೆಗೆ ಮಾತ್ರ, ಪ್ರಯೋಗ ಎಂದು ಹೇಳಿ. ಗಡಿ ದಾಟುವ ವಾಹನಗಳು ಸುಮಾರು ಶೇ. 20 ಇಳಿದವು. ಮೊದಲು ಬಹಳ ವಿರೋಧವಿತ್ತು. ಖಾಲಿಯಾದ ರಸ್ತೆಯನ್ನು ಕಣ್ಣಾರೆ ಕಂಡ ಮೇಲೆ ಸೆಪ್ಟೆಂಬರ್‌ನ ಮತದಾನದಲ್ಲಿ ನಗರದ ಹೆಚ್ಚಿನ ಮತಗಳು ಶುಲ್ಕದ ಪರ ಬಿದ್ದವು. 2007ರ ಆಗಸ್ಟ್‌ನಿಂದ ಅದು ಕಾಯಂ ಆಯಿತು.

ಮೆಕ್ಸಿಕೋ ಸಿಟಿ 1989ರಲ್ಲಿ ನಂಬರ್ ಪ್ಲೇಟಿನ ಕೊನೆಯ ಅಂಕೆ ನೋಡಿ ಪ್ರತಿ ಕಾರನ್ನು ವಾರದಲ್ಲಿ ಒಂದು ದಿನ ರಸ್ತೆಗೆ ಬಿಡದಂತೆ ತಡೆಯಿತು. ಆ ಒಂದು ದಿನಕ್ಕೆ ಬೇರೆ ದಾರಿ ಕಾಣದವರಲ್ಲಿ ಕೆಲವರು ಇನ್ನೊಂದು ನಂಬರಿನ ಕಾರು ತಂದರು. ಮುಂದೆ ನಡೆದ ಒಂದು ಅಧ್ಯಯನಕ್ಕೆ ಗಾಳಿ ಸುಧಾರಿಸಿದ ಗುರುತು ಸಿಗಲಿಲ್ಲ. ವಾಹನ ತಡೆಯುವ ಕರಡು ಬಂದಾಗಲೆಲ್ಲ ನಾನು ಈ ಎರಡು ನಗರಗಳನ್ನು ಅಕ್ಕಪಕ್ಕ ಇಟ್ಟು ಬರೆಯುತ್ತೇನೆ, ಬಸ್ಸಿನ ದಿನಾಂಕ ಶುಲ್ಕದ ದಿನಾಂಕಕ್ಕಿಂತ ಮೊದಲು ಇದೆಯೇ ಎಂದು ಕೇಳುತ್ತೇನೆ.

ಆಕ್ಷೇಪಣೆ ಬರೆಯುವ ಬಗ್ಗೆ ಎರಡು ಮಾತು. ಉದ್ದುದ್ದ ಬರೆದರೆ ಅಧಿಕಾರಿಗಳಿಗೆ ಓದಲು ಸಮಯವಿರುವುದಿಲ್ಲ, ಅದು ಅವರ ತಪ್ಪೂ ಅಲ್ಲ. ಷರತ್ತಿನ ಸಂಖ್ಯೆ, ಈಗಿರುವ ವಾಕ್ಯ, ನಾನು ಬಯಸುವ ವಾಕ್ಯ, ಯಾರಿಗೆ ಏನಾಗುತ್ತದೆ ಎಂಬ ಒಂದು ಉದಾಹರಣೆ. ಇಷ್ಟು ಇದ್ದರೆ ಅವರು ನೇರವಾಗಿ ಕರಡಿಗೆ ಸೇರಿಸಬಹುದು. 'ಜನವಿರೋಧಿ' ಅನ್ನುವ ಪದ ನಾನು ಬಳಸುವುದಿಲ್ಲ. ವಾಯಿದೆಗೆ ಮೊದಲೇ ಕಳಿಸಿ, ಸ್ವೀಕೃತಿ ತೆಗೆದುಕೊಂಡು ಇಟ್ಟುಕೊಳ್ಳುತ್ತೇನೆ.

ಕಸದ ಕರಡಿನಲ್ಲಿ ಮುಚ್ಚಳದ ಡಬ್ಬಿಯ ವಾಕ್ಯ ಅಂತಿಮ ನಿಯಮಕ್ಕೆ ಬಂತು. ಸಸಿಗಳ ಕಂತಿನ ಸಲಹೆಯನ್ನು ಅರ್ಧ ಒಪ್ಪಿದರು. ಮೂರನೇ ಬೇಸಿಗೆ ಬದಲು ಒಂದು ವರ್ಷ ಎಂದು ಮಾಡಿದರು. ಪ್ರಮಾಣಪತ್ರದ ವಿಷಯ ಇನ್ನೂ ಬಾಕಿ ಇದೆ. ಅದರ ಪರಿಷ್ಕೃತ ಕರಡು ಮೊನ್ನೆ ಬಂದಿದೆ, 'ಪ್ರತಿ ವರ್ಷ' ಎಂದಿದ್ದದ್ದು 'ಮೂರು ವರ್ಷಕ್ಕೊಮ್ಮೆ' ಆಗಿದೆ. ಶಾಶ್ವತ ಅಂಗವಿಕಲತೆಗೆ ವಿನಾಯಿತಿ ಇನ್ನೂ ಇಲ್ಲ. ಈ ವಾರ ಮತ್ತೆ ಬರೆಯುತ್ತಿದ್ದೇನೆ.