ತೋಡಿಯ ಗಾಂಧಾರಕ್ಕಾಗಿ ಒಂದು ರಿಬ್ಬನ್

ಸಿಂತ್ (ಸಿಂತಸೈಜರ್, ಎಲೆಕ್ಟ್ರಾನಿಕ್ ಕೀಬೋರ್ಡ್) ತಂದ ಮೊದಲ ವಾರವೇ ತೋಡಿ ರಾಗ ನುಡಿಸಲು ಹೋಗಿ ಸೋತೆ. ತೋಡಿಯ ಗಾಂಧಾರ ಒಂದೆಡೆ ನಿಲ್ಲುವ ಸ್ವರವಲ್ಲ, ರಿಷಭಕ್ಕೂ ಮಧ್ಯಮಕ್ಕೂ ನಡುವೆ ತೂಗಬೇಕು. ಸ್ವರವನ್ನು ಮೇಲೆ ಕೆಳಗೆ ಎಳೆಯುವ ಪಿಚ್ ಬೆಂಡ್ ಚಕ್ರ ತಿರುಗಿಸಿ ನೋಡಿದೆ. ಅದರ ಸ್ಪ್ರಿಂಗು ಪ್ರತಿ ಸಲವೂ ಕೈಯನ್ನು ನಡುವಿಗೆ ಎಳೆದು, ಗಮಕವೆಲ್ಲ ಬಿಕ್ಕಳಿಕೆಯಾಯಿತು.

ಬೆರಳು ಜಾರುವ ಪಟ್ಟಿಯೇ, ಅಂದರೆ ರಿಬ್ಬನ್ನೇ ಬೇಕಿತ್ತು. ಒತ್ತಿದ ಜಾಗಕ್ಕೆ ತಕ್ಕ ವೋಲ್ಟೇಜ್ ಕೊಡುವ 50 ಸೆಂ.ಮೀ. ಸಾಫ್ಟ್‌ಪಾಟ್ ತರಿಸಿ ತೇಗದ ಹಲಗೆಗೆ ಅಂಟಿಸಿದೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಆರ್ಡುಯಿನೊ ಲಿಯೊನಾರ್ಡೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು ಕೊಂಡೆ. ಯುಎಸ್‌ಬಿಗೆ ಸಿಕ್ಕಿಸಿ ತಕ್ಕ ಕೋಡ್ ತುಂಬಿದರೆ ಅದು ಕಂಪ್ಯೂಟರಿಗೆ ಮಿಡಿ (ವಾದ್ಯಗಳು ಸಂದೇಶ ಕಳಿಸುವ ಭಾಷೆ) ವಾದ್ಯವಾಗಿಯೇ ಕಾಣುತ್ತದೆ, ಅಲ್ಲಿಂದ ಸಿಂತ್‌ಗೆ ಕಳಿಸಬಹುದು.

ಮೊದಲು ಮಿಡಿಯ ಮಾಮೂಲಿ ಕಂಟ್ರೋಲ್ ಸಂದೇಶ ಕಳಿಸಿದೆ. ಅದರಲ್ಲಿರುವುದು 0ರಿಂದ 127. ಎರಡು ಸ್ಥಾಯಿಯ 24 ಸ್ವರಸ್ಥಾನಕ್ಕೆ ಹಂಚಿದರೆ ಒಂದು ಸ್ವರಸ್ಥಾನಕ್ಕೆ ಐದೇ ಹಂತ, ಜಾರು ಹೋಗಿ ಮೆಟ್ಟಿಲಿಳಿದ ಸದ್ದು. ಪಿಚ್ ಬೆಂಡ್ ಸಂದೇಶದಲ್ಲಿ 16,384 ಹಂತಗಳಿವೆ. ಸಿಂತ್‌ನಲ್ಲಿ ಬೆಂಡ್ ವ್ಯಾಪ್ತಿಯನ್ನು ಮೇಲಕ್ಕೂ ಕೆಳಕ್ಕೂ 2 ಸ್ವರಸ್ಥಾನದಿಂದ 12ಕ್ಕೆ ಏರಿಸಿದ ಮೇಲೆ ಜಾರು ಜಾರಾಯಿತು.

ಆದರೆ ಬೆರಳು ಎತ್ತಿದೊಡನೆ ಸ್ವರ ಬಾವಿಗೆ ಬಿದ್ದಂತೆ ಕೆಳಗಿಳಿಯುತ್ತಿತ್ತು. ಎರಡು ರಾತ್ರಿ ಕೋಡ್ ತಡಕಾಡಿದ್ದು ದಂಡ, ತಪ್ಪು ತಂತಿಯಲ್ಲಿತ್ತು. ಬೆರಳಿಲ್ಲದಾಗ ಪಟ್ಟಿಯ ನಡುತಂತಿ ಯಾವುದಕ್ಕೂ ಅಂಟಿರುವುದಿಲ್ಲ, ಬಾಯಿಗೆ ಬಂದ ಅಂಕಿ ಹೇಳುತ್ತದೆ. ಬೆರಳಿಲ್ಲದಾಗ ಸೊನ್ನೆಯನ್ನೇ ಹೇಳಲಿ ಎಂದು ಆ ತಂತಿಯಿಂದ ಗ್ರೌಂಡಿಗೆ (ಸೊನ್ನೆ ವೋಲ್ಟಿಗೆ) 100 ಕಿಲೋ ಓಮ್ ರೆಸಿಸ್ಟರ್ ಹಾಕಿದೆ. ಜೊತೆಗೆ, ಓದಿದ ಅಂಕಿಯನ್ನು ತಕ್ಷಣ ಕಳಿಸದೆ ಹತ್ತು ಮಿಲಿಸೆಕೆಂಡ್ ಹಿಡಿದಿಟ್ಟೆ. ಅಷ್ಟರಲ್ಲಿ ಬೆರಳು ಎದ್ದರೆ ಹಿಡಿದಿದ್ದೆಲ್ಲ ಕಸದ ಬುಟ್ಟಿಗೆ. ಆ ತಡ ನನ್ನ ಕಿವಿಗೆ ಗೊತ್ತಾಗುವುದಿಲ್ಲ.

ವೀಣೆ ನುಡಿಸುವ ಸೋದರತ್ತೆಗೆ ಹೆಮ್ಮೆಯಿಂದ ತೋರಿಸಿದೆ. ಎರಡು ಸಲ ಬೆರಳಾಡಿಸಿ, "ಮೇಲಕ್ಕೆ ಹೋದ ಹಾಗೆ ಮನೆ ಕಿರಿದಾಗಬೇಕಲ್ಲೋ? ಇದೇನು, ಸ್ಕೇಲ್ ಇಟ್ಟು ಗೆರೆ ಎಳೆದ ಹಾಗಿದೆ" ಅಂದರು. ನಿಜ. ವೀಣೆಯ ಮೆಟ್ಟಿಲುಗಳ ನಡುವಿನ ಜಾಗವನ್ನು ಅವರು ಮನೆ ಅನ್ನುತ್ತಾರೆ. ನಾನು ಎಲ್ಲ ಸ್ವರಕ್ಕೂ ಎರಡೆರಡು ಸೆಂ.ಮೀ. ಹಂಚಿದ್ದೆ. ತಂತಿಯ ಲೆಕ್ಕದಲ್ಲಿ ಮೊದಲ ಸ್ಥಾಯಿಗೆ ಸುಮಾರು 33 ಸೆಂ.ಮೀ., ಎರಡನೆಯದಕ್ಕೆ 17. ಕೋಡ್‌ನಲ್ಲಿ ಒಂದು ಸಾಲು ಬದಲಿಸಿದ್ದಷ್ಟೇ, ಅವರ ಕೈ ತಾನಾಗಿ ಮನೆ ಹುಡುಕಿತು.

"ಸರಿ, ಮೀಟೋದೆಲ್ಲಿ?"

ಮೀಟಿಗೆಂದು ಹಲಗೆಯ ಬಲತುದಿಗೆ ಬಜರ್‌ನೊಳಗಿನ ಪೀಜೋ ಬಿಲ್ಲೆಯೊಂದನ್ನು (ತಟ್ಟಿದರೆ ವೋಲ್ಟೇಜ್ ಹುಟ್ಟಿಸುವಂಥದ್ದು) ಅಂಟಿಸಿದೆ. ಉಗುರು ತಾಗಿದ ಬಿರುಸಿಗೆ ತಕ್ಕಂತೆ ಸ್ವರದ ಜೋರು. ಈಗ ಅತ್ತೆ, ವೀಣೆಯಲ್ಲಿ ತಾಳಕ್ಕೆಂದು ಮೀಟುವ ಮೂರು ತಂತಿ ಎಲ್ಲಿ ಅಂತ ಕೇಳುತ್ತಿದ್ದಾರೆ. ಮನೆಯಲ್ಲಿ ಎರಡು ಬಿಲ್ಲೆ ಉಳಿದಿವೆ, ಇನ್ನೊಂದು ತರಬೇಕು.